ಗೋಡೆಯನ್ನು ಮತ್ತೆ ಮುಚ್ಚಿದ ದಿನ

ಅಂಚೆಚೀಟಿಯಷ್ಟು ಜಾಗ. ಕೆರೆದಿದ್ದು ಅಷ್ಟೇ. ಅದಕ್ಕೇ ನನಗೆ ಇಡೀ ಬೆಳಗು ಹಿಡಿಯಿತು.

ಆಪರೇಷನ್‌ಗೆ ಬಳಸುವಂಥ ಸಣ್ಣ ಬ್ಲೇಡು, ಕಣ್ಣಿಗೆ ಭೂತಗನ್ನಡಿ, ಪಕ್ಕದಿಂದ ಬೀಳುವ ಒಂದು ದೀಪ. ಮೇಲಿನ ಬಿಳಿ ಬಣ್ಣ ಪ್ಲಾಸ್ಟಿಕ್ ಹಾಳೆಯ ಹಾಗೆ ಸುರುಳಿ ಸುತ್ತಿಕೊಂಡು ಎದ್ದು ಬಂತು. ಅದರ ಕೆಳಗೆ ಇನ್ನೊಂದು ಬಿಳಿ. ಅದರ ಕೆಳಗೆ ಹಳೇ ಕಾಗದದಂಥ ಕೆನೆಬಣ್ಣ. ಆಮೇಲೆ ಬೂದಿ ಬೆರೆತ ಹಸಿರು. ಇದು ಸುರುಳಿ ಸುತ್ತಲಿಲ್ಲ, ಪುಡಿಪುಡಿಯಾಗಿ ಉದುರಿತು. ಅದರ ಕೆಳಗೆ ಮತ್ತೊಂದು ಕೆನೆ. ಕೊನೆಗೆ ಬ್ಲೇಡಿನ ತುದಿಯಲ್ಲಿ ಒಂದು ಚೂರು ಕೆಂಪು ಕಾಣಿಸಿತು. ಒಣಗಿದ ಗುಲಾಬಿ ಎಸಳಿಗೆ ಒಂದು ಬಣ್ಣ ಇರುತ್ತದಲ್ಲ, ಆ ಕೆಂಪು. ನಾನು ಬ್ಲೇಡು ಕೆಳಗಿಟ್ಟೆ. ಕೈ ಸಣ್ಣಗೆ ನಡುಗುತ್ತಿತ್ತು.

ಆ ಹಳೇ ಆರ್ಟ್ ಗ್ಯಾಲರಿ ಕಟ್ಟಡದ ದುರಸ್ತಿ ಕೆಲಸದಲ್ಲಿ ನಾನು ಎರಡು ವರ್ಷಕ್ಕೂ ಜಾಸ್ತಿ ಇದ್ದೆ. ದಾಖಲೆ ಮಾಡುವುದು ನನ್ನ ಪಾಲಿನ ಕೆಲಸ. ಏನನ್ನಾದರೂ ಕೀಳುವ ಮೊದಲು ಫೋಟೋ ತೆಗೆಯಬೇಕು, ಅಳೆಯಬೇಕು, ಬರೆದಿಡಬೇಕು. ಕಿತ್ತ ಮೇಲೆ ಮತ್ತೆ ಅದೇ. ನೂರು ವರ್ಷ ದಾಟಿದ ಕಟ್ಟಡ ಅದು, ಕಟ್ಟಿಸಿದ್ದೇ ಚಿತ್ರಗಳನ್ನು ತೂಗುಹಾಕುವುದಕ್ಕೆ. ಆದರೆ ನಾನು ಮೊದಲ ಸಲ ಒಳಗೆ ಹೋದಾಗ ಕಂಡಿದ್ದು ಬಿಳಿ ಗೋಡೆ, ತಗ್ಗಾದ ಫಾಲ್ಸ್ ಸೀಲಿಂಗ್, ಸಾಲಾಗಿ ಟ್ಯೂಬ್‌ಲೈಟು. ಮೊನ್ನೆ ಮೊನ್ನೆ ಕಟ್ಟಿದ ಆಫೀಸಿನ ಹಾಗಿತ್ತು. ಇದರಲ್ಲಿ ಹುಡುಕೋದಕ್ಕೆ ಏನಿದೆ ಎಂದು ಅನೇಕರು ಕೇಳಿದರು. ನನಗೂ ಉತ್ತರ ಗೊತ್ತಿರಲಿಲ್ಲ.

ಚಿತ್ರಗಳ ಹಿಂದೆ ಬಿಳಿ ಗೋಡೆ ಇರುವುದು ನಮಗೆ ಎಷ್ಟು ರೂಢಿಯಾಗಿದೆ ಅಂದರೆ, ಅದು ಮೊದಲಿನಿಂದಲೂ ಹೀಗೇ ಇತ್ತು ಅಂದುಕೊಳ್ಳುತ್ತೇವೆ. ಹಾಗೇನಿಲ್ಲ. ಅದು ಗಟ್ಟಿಯಾಗಿ ಬೇರೂರಿದ್ದು 20ನೇ ಶತಮಾನದಲ್ಲಿ. 19ನೇ ಶತಮಾನದ ಗ್ಯಾಲರಿಗಳಲ್ಲಿ ಗೋಡೆಗಳು ದಟ್ಟ ಕೆಂಪು, ದಟ್ಟ ಹಸಿರು. ಚಿನ್ನದ ಬಣ್ಣದ ಚೌಕಟ್ಟು ಕೆಂಪಿನ ಮೇಲೆ ಎದ್ದು ಕಾಣುತ್ತದೆ, ಹಳೇ ತೈಲಚಿತ್ರದ ಕಂದು ನೆರಳುಗಳು ಅದರ ಎದುರಿಗೆ ಸತ್ತುಹೋಗುವುದಿಲ್ಲ. ಚಿತ್ರಗಳನ್ನೂ ಈಗಿನ ಹಾಗೆ ಒಂದೇ ಸಾಲಿನಲ್ಲಿ ದೂರ ದೂರ ಹಾಕುತ್ತಿರಲಿಲ್ಲ. ಸೊಂಟದ ಎತ್ತರದಿಂದ ಸೀಲಿಂಗಿನವರೆಗೆ, ಚೌಕಟ್ಟಿಗೆ ಚೌಕಟ್ಟು ತಾಗುವ ಹಾಗೆ ತುಂಬುತ್ತಿದ್ದರು. ನನ್ನ ಬ್ಲೇಡಿಗೆ ಸಿಕ್ಕ ಕೆಂಪು ಆ ಕಾಲದ್ದು.

ಅದನ್ನು ಊಹೆಯ ಮೇಲೆ ಹೇಳುತ್ತಿಲ್ಲ. ಗೋಡೆಯಿಂದ ಸಾಸಿವೆ ಕಾಳಿಗಿಂತ ಚಿಕ್ಕ ಚೂರೊಂದನ್ನು ಎಲ್ಲ ಪದರಗಳ ಸಮೇತ ತೆಗೆಯುತ್ತಾರೆ. ಅದನ್ನು ಪಾರದರ್ಶಕ ರಾಳದಲ್ಲಿ ಮುಳುಗಿಸಿ ಗಟ್ಟಿ ಮಾಡಿ, ಉಜ್ಜಿ ನುಣುಪು ಮಾಡಿ, ಅಡ್ಡ ಕೊಯ್ತವನ್ನು ಮೈಕ್ರೋಸ್ಕೋಪಿನ ಕೆಳಗೆ ಇಡುತ್ತಾರೆ. ಒಂದರ ಮೇಲೊಂದು ಪದರ, ಬೆಟ್ಟ ಕಡಿದಾಗ ಕಾಣುವ ಮಣ್ಣಿನ ಪಟ್ಟೆಗಳ ಹಾಗೆ. ಎರಡು ಪದರಗಳ ನಡುವೆ ಕಪ್ಪು ಗೆರೆ ಇದ್ದರೆ ಅದು ಹೊಗೆ, ಧೂಳು, ಅಂದರೆ ಆ ಬಣ್ಣ ಬಹಳ ವರ್ಷ ಹಾಗೇ ಇತ್ತು ಎಂದು ಅರ್ಥ. ಗೆರೆಯೇ ಇಲ್ಲದಿದ್ದರೆ ಒಂದರ ಹಿಂದೆ ಒಂದು ಬೇಗ ಬಳಿದಿದ್ದಾರೆ. ಬಣ್ಣದೊಳಗಿನ ವಸ್ತುಗಳೂ ಸಾಕ್ಷಿ ಹೇಳುತ್ತವೆ. ಟೈಟಾನಿಯಂ ಬಿಳಿ ಮಾರುಕಟ್ಟೆಗೆ ಬಂದಿದ್ದು ಮೊದಲ ಮಹಾಯುದ್ಧದ ಆಸುಪಾಸಿನಲ್ಲಿ. ಹಾಗಾಗಿ ಅದು ಸಿಕ್ಕ ಪದರ ಅದಕ್ಕಿಂತ ಹಳೆಯದಾಗಿರಲು ಸಾಧ್ಯವೇ ಇಲ್ಲ. ನೇರಳಾತೀತ ದೀಪ ಹಿಡಿದರೆ ಸತುವಿನ ಬಿಳಿ ಹಳದಿ-ಹಸಿರಾಗಿ ಹೊಳೆಯುತ್ತದೆ, ಟೈಟಾನಿಯಂ ಬಿಳಿ ಮಂಕಾಗಿ ಉಳಿಯುತ್ತದೆ. ಹಗಲು ಬೆಳಕಲ್ಲಿ ಎರಡೂ ಒಂದೇ ಬಿಳಿ.

ಆ ಹಸಿರಿನ ಬಗ್ಗೆ ಒಂದು ಮಾತು. ಹಳೇ ಕಟ್ಟಡದಲ್ಲಿ ಹಸಿರು ಪದರ ಸಿಕ್ಕರೆ ಮೊದಲು ಮಾಸ್ಕ್ ಹಾಕಿಕೊಳ್ಳಬೇಕು. 19ನೇ ಶತಮಾನದಲ್ಲಿ ಬಹಳ ಮೆಚ್ಚುಗೆ ಪಡೆದ ಎಮರಾಲ್ಡ್ ಗ್ರೀನ್ ಬಣ್ಣದಲ್ಲಿ ತಾಮ್ರದ ಜೊತೆ ಆರ್ಸೆನಿಕ್ ಇತ್ತು. ಗೋಡೆಗೆ ಅಂಟಿಸುವ ಕಾಗದಕ್ಕೆ, ಬಟ್ಟೆಗೆ, ಎಲ್ಲದಕ್ಕೂ ಅದನ್ನು ಹಾಕುತ್ತಿದ್ದರು. ಸೀಸದ ಬಣ್ಣವಂತೂ ಎಲ್ಲೆಲ್ಲೂ. ನಮ್ಮ ಹಸಿರಿನಲ್ಲಿ ಆರ್ಸೆನಿಕ್ ಸಿಗಲಿಲ್ಲ, ಸೀಸ ಸಿಕ್ಕಿತು. ವರದಿ ಬರುವವರೆಗೆ ಆ ಕೋಣೆಗೆ ಯಾರನ್ನೂ ಬಿಡಲಿಲ್ಲ.

ಕಾಯುವುದು ಈ ಕೆಲಸದ ಅರ್ಧಭಾಗ. ಹೊರಗಿನವರಿಗೆ ಇದು ಅರ್ಥವಾಗುವುದು ಕಷ್ಟ. ಹಳೇ ಪೈಪುಗಳಿಗೆ ಸುತ್ತಿದ್ದ ಹೊದಿಕೆಯಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇದೆ ಎಂದು ಗೊತ್ತಾದಾಗ ಒಂದು ಇಡೀ ಭಾಗದ ಕೆಲಸ ವಾರಗಟ್ಟಲೆ ನಿಂತಿತು. ಅದರ ಎಳೆಗಳು ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರುವುದಿಲ್ಲ, ಹಾಗಾಗಿ ಅದನ್ನು ತೆಗೆಯಲು ಬೇರೆಯೇ ತಂಡ ಬೇಕು. ಆಗ ಎಲ್ಲರಿಗೂ ಬೇಸರವಾಗಿತ್ತು. ಆದರೆ ನಾವು ಸುಮ್ನೆ ಕೂತಿದ್ದ ಆ ವಾರಗಳಲ್ಲೇ ಪೂರ್ವದ ಕೋಣೆಯ ಹಲಗೆ ಗೋಡೆಯನ್ನು ಬಿಚ್ಚಿ ನೋಡೋಣ ಎಂಬ ಮಾತು ಬಂತು. ಇಲ್ಲದಿದ್ದರೆ ಅದರ ಮೇಲೇ ಹೊಸ ಹಲಗೆ ಹೊಡೆದು ಮುಂದೆ ಹೋಗುತ್ತಿದ್ದೆವು.

ಯಾವುದೋ ಕಾಲದಲ್ಲಿ ಗೋಡೆ ನುಣ್ಣಗೆ ಕಾಣಲಿ ಎಂದು ಮರದ ಪಟ್ಟಿ ಬಡಿದು, ಅದರ ಮೇಲೆ ಪ್ಲೈವುಡ್ ಹೊದಿಸಿ, ಬಿಳಿ ಬಳಿದಿದ್ದರು. ಬಡಗಿ ಮೊದಲ ಹಲಗೆಯನ್ನು ನಿಧಾನಕ್ಕೆ ಮುಂದಕ್ಕೆ ಬಾಗಿಸಿದರು. ನಾನು ಸಂದಿಯಲ್ಲಿ ಟಾರ್ಚ್ ಬಿಟ್ಟೆ. ಒಳಗೆ ಕೆಂಪು ಗೋಡೆ. ನಾವು ಬೇರೆ ಕೋಣೆಯಲ್ಲಿ ಅಂಚೆಚೀಟಿಯಷ್ಟು ಕಂಡಿದ್ದ ಅದೇ ಕೆಂಪು, ಇಲ್ಲಿ ನೆಲದಿಂದ ಮೇಲಿನವರೆಗೆ. ಯಾರೂ ಅದರ ಮೇಲೆ ಬೇರೆ ಬಣ್ಣ ಬಳಿದೇ ಇರಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಕೆಂಪು ಎಲ್ಲ ಕಡೆ ಒಂದೇ ತರಹ ಇರಲಿಲ್ಲ. ಮಾಸಿದ ಕೆಂಪಿನ ನಡುವೆ ಗಾಢ ಕೆಂಪಿನ ಚೌಕಗಳು. ಆಯತಗಳು. ಒಂದು ದೊಡ್ಡ ಅಂಡಾಕಾರ. ಅದರ ಮೇಲೆ ನಾಲ್ಕು ಚಿಕ್ಕ ಚೌಕ. ದಶಕಗಟ್ಟಲೆ ಚಿತ್ರಗಳು ತೂಗಿದ್ದ ಜಾಗಗಳು ಅವು. ಬೆಳಕು ಬಿದ್ದಲ್ಲೆಲ್ಲ ಬಣ್ಣ ಮಾಸಿತ್ತು, ಚಿತ್ರದ ಹಿಂದೆ ಮಾತ್ರ ಹೊಸದರ ಹಾಗೆ ಉಳಿದಿತ್ತು. ಗೋಡೆ ತುಂಬ ಚಿತ್ರಗಳಿದ್ದವು. ಒಂದೂ ಇರಲಿಲ್ಲ. ಗಾರೆ ಮೇಸ್ತ್ರಿ ಬಂದು ನನ್ನ ಪಕ್ಕ ನಿಂತರು. ತಲೆಗೆ ಸುತ್ತಿದ್ದ ಬಟ್ಟೆ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಇಬ್ಬರೂ ಬಹಳ ಹೊತ್ತು ಏನೂ ಮಾತಾಡಲಿಲ್ಲ.

ಹತ್ತಿರ ಹೋದಾಗ ಪೆನ್ಸಿಲ್ ಬರಹ ಕಾಣಿಸಿತು. ಪ್ರತಿ ಚೌಕದ ಎಡಮೂಲೆಯಲ್ಲಿ ಒಂದೊಂದು ನಂಬರು. ಅಡ್ಡ ಗೆರೆ, ಅದರ ತುದಿಗೆ ಬಾಣದ ಗುರುತು. ಒಂದು ಕಡೆ ಯಾರೋ ಕೂಡಿಸುವ ಲೆಕ್ಕ ಹಾಕಿ, ತಪ್ಪಾಗಿದ್ದಕ್ಕೆ ಹೊಡೆದುಹಾಕಿ, ಪಕ್ಕದಲ್ಲೇ ಮತ್ತೆ ಹಾಕಿದ್ದರು. ಅಂಡಾಕಾರದ ಪಕ್ಕದಲ್ಲಿ ಅವಸರದ ಕೈಬರಹದಲ್ಲಿ ಒಂದು ಸಾಲು: ಎರಡು ಇಂಚು ಮೇಲಕ್ಕೆ. ಅದರ ಎದುರಿಗೆ ಮೊಳೆಯ ಎರಡು ತೂತು. ಅಳೆದು ನೋಡಿದೆ. ಒಂದು ತೂತಿನಿಂದ ಇನ್ನೊಂದಕ್ಕೆ ಸರಿಯಾಗಿ ಎರಡು ಇಂಚು. ಹೇಳಿದವರ ಮಾತು ಕೇಳಿದ್ದರು.

ಗ್ಯಾಲರಿಯ ಹಳೇ ಕಡತಗಳಲ್ಲಿ ಕಲಾವಿದರ ಹೆಸರಿದೆ, ದಾನಿಗಳ ಹೆಸರಿದೆ, ಉದ್ಘಾಟನೆಗೆ ಬಂದವರ ಹೆಸರಿದೆ. ಚಿತ್ರ ತೂಗುಹಾಕಿದವರ ಹೆಸರು ಎಲ್ಲೂ ಇಲ್ಲ. ಏಣಿಯ ಮೇಲೆ ನಿಂತು ಭಾರದ ಚೌಕಟ್ಟು ಹಿಡಿದು, ಕೆಳಗಿನವರು ಹೇಳಿದ ಹಾಗೆ ಎರಡು ಇಂಚು ಎತ್ತಿದ ಆ ಕೈಗಳ ಗುರುತು ಇಲ್ಲಿ ಮಾತ್ರ ಉಳಿದಿತ್ತು. ಕೆಂಪು ಬಣ್ಣಕ್ಕಿಂತ ನನಗೆ ಅದು ದೊಡ್ಡದು ಅನ್ನಿಸಿತು. ಈಗಲೂ ಹಾಗೇ ಅನ್ನಿಸುತ್ತದೆ.

ಇಂಥ ಗುರುತುಗಳು ದೊಡ್ಡ ದೊಡ್ಡ ಜಾಗಗಳಲ್ಲೂ ಸಿಕ್ಕಿವೆ. ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂ ನಿಂತಿರುವುದು ಒಂದು ಹಳೇ ಕೋಟೆಯ ಜಾಗದಲ್ಲಿ. ರಾಜ ಫಿಲಿಪ್ ಆಗಸ್ಟಸ್ 1190ರ ಸುಮಾರಿಗೆ ಆ ಕೋಟೆ ಕಟ್ಟಲು ಶುರುಮಾಡಿದ. ಆಮೇಲೆ ಅದನ್ನು ಕೆಡವಿ, ಮುಚ್ಚಿ, ಮೇಲೆ ಅರಮನೆ ಎದ್ದಿತು. 1980ರ ದಶಕದಲ್ಲಿ, ಗಾಜಿನ ಪಿರಮಿಡ್ ಬಂದ ಆ ದೊಡ್ಡ ನವೀಕರಣದ ಸಮಯದಲ್ಲಿ, ನೆಲ ಅಗೆದಾಗ ಕೋಟೆಯ ಕಂದಕ, ಗೋಪುರಗಳ ಬುಡ ಎಲ್ಲ ಹೊರಬಂದವು. ಈಗ ನೆಲಮಾಳಿಗೆಯಲ್ಲಿ ಅದರ ಪಕ್ಕದಲ್ಲೇ ನಡೆದುಹೋಗಬಹುದು. ಆ ಕಲ್ಲುಗಳ ಮೇಲೆ ಕಲ್ಲುಕುಟಿಗರು ಕೆತ್ತಿದ ಗುರುತುಗಳಿವೆ. ಕೆಲವು ಹೃದಯದ ಆಕಾರದವು. ರಾಜನ ಕೋಟೆ ಹೋಯಿತು, ಕುಟಿಗನ ಹೃದಯ ಉಳಿಯಿತು.

ಲಂಡನ್ನಿನ ಗಿಲ್ಡ್‌ಹಾಲ್ ಆರ್ಟ್ ಗ್ಯಾಲರಿಯದು ಇನ್ನೊಂದು ಕಥೆ. ಹಳೇ ಗ್ಯಾಲರಿ 1941ರಲ್ಲಿ ಬಾಂಬ್ ದಾಳಿಯಲ್ಲಿ ಸುಟ್ಟುಹೋಗಿತ್ತು. ಹೊಸದನ್ನು ಕಟ್ಟಲು ಜಾಗ ಸಿದ್ಧ ಮಾಡುವಾಗ, 1988ರಲ್ಲಿ, ನೆಲದಡಿ ರೋಮನ್ನರ ಕಾಲದ ಆಂಫಿಥಿಯೇಟರ್, ಅಂದರೆ ಸುತ್ತ ಕೂತು ಕಾಳಗ ನೋಡುವ ಅಖಾಡ, ಸಿಕ್ಕಿತು. ರೋಮನ್ ಲಂಡನ್ನಿನಲ್ಲಿ ಅಂಥದ್ದೊಂದು ಇದ್ದಿರಲೇಬೇಕು ಎಂದು ತಿಳಿದವರು ಬಹಳ ಕಾಲ ಹುಡುಕಿದ್ದರು. ಗ್ಯಾಲರಿಯ ನಕ್ಷೆಯನ್ನೇ ಬದಲಾಯಿಸಿ, ಅದನ್ನು ಕಟ್ಟಡದೊಳಗೆ ಸೇರಿಸಿಕೊಂಡರು. ಈಗ ಮೇಲೆ ಚಿತ್ರಗಳು, ಕೆಳಗೆ ಅಖಾಡ. ಹೊರಗಿನ ಅಂಗಳದ ನೆಲಹಾಸಿನಲ್ಲಿ ಕಪ್ಪು ಕಲ್ಲಿನ ಒಂದು ಬಾಗಿದ ಗೆರೆ ಹಾಕಿದ್ದಾರೆ, ಕೆಳಗಿನ ಅಂಚು ಎಲ್ಲಿದೆ ಎಂದು ತೋರಿಸುವುದಕ್ಕೆ. ನನಗೆ ತುಂಬಾ ಇಷ್ಟವಾಗುವುದು ಆ ಗೆರೆ. ಅಗೆದು ತೋರಿಸಲಾಗದ ಕಡೆ ಒಂದು ಗೆರೆ ಎಳೆದರೂ ಸಾಕಾಗುತ್ತದೆ.

ಕೆಲವು ಸಲ ಸಿಗುವುದನ್ನು ಯಾರೋ ಬೇಕೆಂದೇ ಇಟ್ಟಿರುತ್ತಾರೆ. ಲಂಡನ್ನಿನ ನ್ಯಾಷನಲ್ ಗ್ಯಾಲರಿಯ ಸೇನ್ಸ್‌ಬರಿ ವಿಂಗ್ 1991ರಲ್ಲಿ ತೆರೆಯಿತು. ವಿನ್ಯಾಸ ರಾಬರ್ಟ್ ವೆಂಚೂರಿ ಮತ್ತು ಡೆನಿಸ್ ಸ್ಕಾಟ್ ಬ್ರೌನ್ ಅವರದು. ಒಳಗೆ ಭಾರ ಹೊರದ, ನೋಟಕ್ಕೆ ಮಾತ್ರ ಇದ್ದ ಕೆಲವು ದಪ್ಪ ಕಂಬಗಳಿದ್ದವು. 2023ರಲ್ಲಿ ನವೀಕರಣಕ್ಕೆಂದು ಅವನ್ನು ಒಡೆದಾಗ ಒಂದು ಕಂಬದೊಳಗೆ ಪ್ಲಾಸ್ಟಿಕ್ ಕವರಿನಲ್ಲಿ ಒಂದು ಪತ್ರ ಸಿಕ್ಕಿತು. ಬರೆದವರು ಆ ಕಟ್ಟಡಕ್ಕೆ ದುಡ್ಡು ಕೊಟ್ಟ ದಾನಿಗಳಲ್ಲೊಬ್ಬರಾದ ಜಾನ್ ಸೇನ್ಸ್‌ಬರಿ. ತಾರೀಕು 1990ರ ಜುಲೈ 26. ಈ ಸುಳ್ಳು ಕಂಬಗಳು ತಪ್ಪು, ನಿಮ್ಮ ತಲೆಮಾರು ಇವನ್ನು ತೆಗೆಯಲು ತೀರ್ಮಾನಿಸಿದ್ದು ನನಗೆ ತುಂಬಾ ಸಂತೋಷ ತಂದಿದೆ ಎಂಬುದು ಅದರ ಸಾರ. ಅವರು 2022ರಲ್ಲಿ ತೀರಿಕೊಂಡಿದ್ದರು. ಪತ್ರ ಹೊರತೆಗೆಯುವಾಗ ಅವರ ಹೆಂಡತಿ ಅಲ್ಲಿದ್ದರು.

ಈ ಸುದ್ದಿ ಓದಿದವರು ಹೆಚ್ಚಿನವರು ನಕ್ಕರು. ನಾನು ಬೇರೆ ರೀತಿ ಯೋಚಿಸಿದೆ. ತನ್ನ ದುಡ್ಡಿನಿಂದ ಕಟ್ಟುತ್ತಿದ್ದ ಕಟ್ಟಡದಲ್ಲೂ ತನ್ನ ಮಾತು ನಡೆಯದಿದ್ದಾಗ ಆತ ವಿನ್ಯಾಸಕಾರರ ಕೈ ತಡೆಯಲಿಲ್ಲ. ತನ್ನ ಅಭಿಪ್ರಾಯವನ್ನು ಕಾಗದದ ಮೇಲೆ ಬರೆದು, ಇನ್ನೂ ಹುಟ್ಟದ ಯಾರಿಗೋ ಕೊಟ್ಟು ಹೋದ. ಹಾಗಂತ ಆ ಕಂಬಗಳು ತಪ್ಪು ಎಂದು ಒಪ್ಪಬೇಕೆಂದಿಲ್ಲ. ಅವನ್ನು ತೆಗೆಯಬಾರದು ಎಂದು ವಾದಿಸಿದವರೂ ಇದ್ದರು, ಅವರ ಮಾತಿನಲ್ಲೂ ತೂಕ ಇತ್ತು. ಒಂದು ಕಟ್ಟಡದ ಬಗ್ಗೆ ಎರಡು ತಲೆಮಾರು ಹೀಗೆ ಮಾತಾಡಿಕೊಳ್ಳಬಹುದು ಎಂಬುದೇ ನನಗೆ ಹೊಸದಾಗಿತ್ತು.

ಇಟಲಿಯ ಪಿಯಾಚೆಂಜಾದಲ್ಲಿರುವ ರಿಚ್ಚಿ ಒಡ್ಡಿ ಗ್ಯಾಲರಿಯಲ್ಲಿ ಸಿಕ್ಕಿದ್ದು ಕಳೆದುಹೋದ ಚಿತ್ರವೇ. ಗುಸ್ತಾವ್ ಕ್ಲಿಮ್ಟ್ ಬರೆದ ಒಬ್ಬ ಹೆಂಗಸಿನ ಭಾವಚಿತ್ರ 1997ರ ಫೆಬ್ರವರಿಯಲ್ಲಿ ಅಲ್ಲಿಂದ ಕಳುವಾಗಿತ್ತು. ಲೋಕವೆಲ್ಲ ಹುಡುಕಿದರು. 2019ರ ಡಿಸೆಂಬರಿನಲ್ಲಿ ತೋಟದ ಕೆಲಸಗಾರರು ಗ್ಯಾಲರಿಯ ಹೊರಗೋಡೆಗೆ ಹಬ್ಬಿದ್ದ ಬಳ್ಳಿ ಕಿತ್ತು ಸ್ವಚ್ಛ ಮಾಡುತ್ತಿದ್ದರು. ಬಳ್ಳಿಯ ಹಿಂದೆ ಒಂದು ಸಣ್ಣ ಲೋಹದ ಬಾಗಿಲು. ಅದರೊಳಗಿನ ಗೂಡಿನಲ್ಲಿ, ಒಂದು ಚೀಲದಲ್ಲಿ, ಆ ಚಿತ್ರ. ಮುಂದಿನ ತಿಂಗಳು ತಜ್ಞರು ಅದು ಅಸಲಿ ಎಂದು ಖಾತ್ರಿ ಮಾಡಿದರು. ಅಷ್ಟೂ ವರ್ಷ ಅದು ಅಲ್ಲೇ ಇತ್ತೋ, ಆಮೇಲೆ ತಂದಿಟ್ಟರೋ, ಆ ಪ್ರಶ್ನೆ ಬೇರೆ. ಬಳ್ಳಿ ಕೀಳುವ ಕೆಲಸವನ್ನು ಯಾರೂ ದೊಡ್ಡ ಕೆಲಸ ಅನ್ನುವುದಿಲ್ಲ, ಅಲ್ವಾ? ನಾನಿದ್ದ ಜಾಗದಲ್ಲೂ ಹಾಗೇ. ಒಳ್ಳೊಳ್ಳೆಯ ವಸ್ತುಗಳು ಸಿಕ್ಕಿದ್ದು ಗುಡಿಸುವವರಿಗೆ, ಪೈಪ್ ಬದಲಿಸುವವರಿಗೆ, ಬಡಗಿಗೆ. ನನಗೆ ಸಿಕ್ಕಿದ್ದು ಕಡಿಮೆ.

ಇನ್ನೊಂದು ಇದೆ, ಅದನ್ನು ಬಿಡಲು ಮನಸ್ಸಿಲ್ಲ. ಫ್ಲಾರೆನ್ಸಿನ ಮೆಡಿಚಿ ಚಾಪೆಲ್ ಮ್ಯೂಸಿಯಮ್ಮಿನಲ್ಲಿ 1975ರಲ್ಲಿ ಜನ ಹೊರಗೆ ಹೋಗಲು ಹೊಸ ದಾರಿ ಹುಡುಕುತ್ತಿದ್ದರು. ಹಳೇ ಕಪಾಟಿನ ಕೆಳಗೆ ಒಂದು ಕಳ್ಳಬಾಗಿಲು. ಮೆಟ್ಟಿಲು ಇಳಿದರೆ ಸುಮಾರು 10 ಮೀಟರ್ ಉದ್ದ, 3 ಮೀಟರ್ ಅಗಲದ ಇಕ್ಕಟ್ಟಾದ ಕೋಣೆ. ಒಂದು ಕಾಲದಲ್ಲಿ ಇದ್ದಿಲು ತುಂಬಿಡುತ್ತಿದ್ದ ಜಾಗ. ಗೋಡೆಯ ಸುಣ್ಣ ಬಿಡಿಸಿದಾಗ ಕೆಳಗೆ ಇದ್ದಿಲಿನ ರೇಖಾಚಿತ್ರಗಳು: ಕಾಲು, ಮುಖ, ತಿರುಚಿದ ದೇಹ. 1530ರಲ್ಲಿ ಮೈಕೆಲಾಂಜೆಲೊ ಪ್ರಾಣಭಯದಿಂದ ಅಡಗಿ ಕೂತಿದ್ದಾಗ ಇವನ್ನು ಬರೆದ ಎಂದು ಹಲವರು ನಂಬುತ್ತಾರೆ, ಎಲ್ಲವೂ ಅವನದೇ ಎಂದು ಒಪ್ಪದ ವಿದ್ವಾಂಸರೂ ಇದ್ದಾರೆ. ಜನರಿಗೆ ಆ ಕೋಣೆ ತೆರೆದಿದ್ದು 2023ರ ನವೆಂಬರಿನಲ್ಲಿ. ಒಂದು ಸಲಕ್ಕೆ ನಾಲ್ಕು ಜನ, 15 ನಿಮಿಷ. ಆಮೇಲೆ ಕತ್ತಲೆ ಮಾಡುತ್ತಾರೆ, ಯಾಕಂದರೆ ಬೆಳಕು ಆ ಗೆರೆಗಳನ್ನು ಕೆಡಿಸುತ್ತದೆ. ಸಿಕ್ಕಿದ್ದನ್ನು ತೋರಿಸಲು 48 ವರ್ಷ ಕಾದರು.

ನಮ್ಮ ಕಟ್ಟಡದಲ್ಲೂ ಬೆಳಕಿನದೇ ಒಂದು ದೊಡ್ಡ ಅಧ್ಯಾಯ. ಫಾಲ್ಸ್ ಸೀಲಿಂಗ್ ತೆಗೆದಾಗ ಮೇಲೆ ಕಬ್ಬಿಣದ ಚೌಕಟ್ಟು, ಅದರಲ್ಲಿ ಗಾಜಿನ ಬೆಳಕಿಂಡಿ. ಗಾಜಿಗೆ ಯಾರೋ ಡಾಂಬರು ಬಳಿದಿದ್ದರು. ಸೋರಿಕೆಗೆ ಬೇಸತ್ತು ಹಾಗೆ ಮಾಡಿರಬೇಕು, ಅವರನ್ನು ಬೈಯಲಾರೆ. ಹಳೇ ಗ್ಯಾಲರಿಗಳಲ್ಲಿ ಚಿತ್ರಗಳಿಗೆ ಬೆಳಕು ಮೇಲಿನಿಂದಲೇ ಬರುತ್ತಿತ್ತು. 1817ರಲ್ಲಿ ಜನರಿಗೆ ತೆರೆದ ಲಂಡನ್ನಿನ ಡಲ್ವಿಚ್ ಪಿಕ್ಚರ್ ಗ್ಯಾಲರಿಗೆ ವಾಸ್ತುಶಿಲ್ಪಿ ಜಾನ್ ಸೋನ್ ಹಾಕಿದ ಮೇಲ್ಬೆಳಕಿನ ವಿನ್ಯಾಸವನ್ನು ಆಮೇಲೆ ಎಷ್ಟೋ ಗ್ಯಾಲರಿಗಳು ಅನುಸರಿಸಿದವು. ಪಕ್ಕದ ಕಿಟಕಿಯಿಂದ ಬಂದರೆ ಗಾಜಿನ ಮೇಲೆ ಹೊಳಪು ಹೊಡೆಯುತ್ತದೆ, ಮೇಲಿನಿಂದ ಬಂದರೆ ಗೋಡೆಯ ಮೇಲೆ ಸಮನಾಗಿ ಹರಡುತ್ತದೆ. ಆಮೇಲೆ ವಿದ್ಯುತ್ ದೀಪ ಬಂತು, ಬಿಸಿಲು ಬಣ್ಣ ಮಾಸಿಸುತ್ತದೆ ಎಂಬ ಭಯ ಬಂತು, ಎಷ್ಟೋ ಕಡೆ ಬೆಳಕಿಂಡಿ ಮುಚ್ಚಿದರು. ಸ್ವೀಡನ್ನಿನ ನ್ಯಾಷನಲ್ ಮ್ಯೂಸಿಯಂ 2018ರಲ್ಲಿ ಮತ್ತೆ ತೆರೆದಾಗ ಅಲ್ಲಿ ಮುಚ್ಚಿಹೋಗಿದ್ದ ಕಿಟಕಿಗಳನ್ನು ಪುನಃ ತೆರೆದಿದ್ದರು.

ಭಯ ಸುಳ್ಳಲ್ಲ. ಬೀಳುವ ಬೆಳಕನ್ನು ಲಕ್ಸ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಕಾಗದದ ಮೇಲಿನ ಚಿತ್ರಕ್ಕೆ 50 ಲಕ್ಸ್, ತೈಲಚಿತ್ರಕ್ಕೆ ಸುಮಾರು 200 ಲಕ್ಸ್ ಮೀರಬಾರದು ಎಂಬುದು ಮ್ಯೂಸಿಯಂಗಳು ಸಾಮಾನ್ಯವಾಗಿ ಪಾಲಿಸುವ ಲೆಕ್ಕ. ಹೊರಗಿನ ಬಿಸಿಲು ಲಕ್ಷ ಲಕ್ಸ್ ಮುಟ್ಟುತ್ತದೆ. ಹಾಗಾಗಿ ನಾವು ಹೊಸ ಗಾಜು ಹಾಕಿ, ನೇರಳಾತೀತ ಕಿರಣ ತಡೆಯುವ ಪದರ ಅಂಟಿಸಿ, ಕೆಳಗೆ ಪರದೆ ಕಟ್ಟಬೇಕಾಯಿತು. ಆದರೆ ಅದಕ್ಕೂ ಮೊದಲು, ಡಾಂಬರು ಕೆರೆದು ಮೊದಲ ಗಾಜು ಸ್ವಚ್ಛವಾದ ಆ ಮಧ್ಯಾಹ್ನ, ಒಂದು ಚೌಕ ಬೆಳಕು ನೆಲಕ್ಕೆ ಬಿತ್ತು. ಧೂಳಿನಲ್ಲಿ ಅದು ಕಂಬದ ಹಾಗೆ ನಿಂತಿತ್ತು. ಸಾರುವೆ ಮೇಲಿದ್ದ ಹುಡುಗರು ಕೆಲಸ ನಿಲ್ಲಿಸಿ ಕೆಳಗೆ ನೋಡಿದರು. ಮೋಡ ಬಂದಾಗ ಮಂಕಾಯಿತು, ಮೋಡ ಹೋದಾಗ ಮತ್ತೆ ಬೆಳಗಿತು. ಅಷ್ಟು ದಿನ ಸತ್ತಂತಿದ್ದ ಕೋಣೆ ಅದು.

ನೋವು ಕೊಟ್ಟ ವಿಷಯವನ್ನೂ ಹೇಳಬೇಕು. ಉತ್ತರದ ಗೋಡೆಗೆ ಹಿಂದಿನ ದುರಸ್ತಿಯಲ್ಲಿ ಸಿಮೆಂಟ್ ಪ್ಲಾಸ್ಟರ್ ಮಾಡಿದ್ದರು. ಹಳೇ ಗೋಡೆ ಇಟ್ಟಿಗೆ ಮತ್ತು ಸುಣ್ಣದ ಗಾರೆಯದ್ದು. ಸುಣ್ಣದ ಗೋಡೆ ನೀರು ಕುಡಿಯುತ್ತದೆ, ಒಣಗಿದಾಗ ಬಿಡುತ್ತದೆ. ಸಿಮೆಂಟ್ ಗಟ್ಟಿ, ನೀರು ಅಷ್ಟು ಸುಲಭಕ್ಕೆ ಹಾಯುವುದಿಲ್ಲ. ಒಳಗೆ ಹೋದ ತೇವಕ್ಕೆ ದಾರಿ ಇಲ್ಲದೆ ಅದು ಇಟ್ಟಿಗೆಯೊಳಗೇ ಉಳಿಯುತ್ತದೆ. ನೀರಿನ ಜೊತೆ ಬಂದ ಉಪ್ಪು ಇಟ್ಟಿಗೆಯ ರಂಧ್ರಗಳಲ್ಲಿ ಹರಳುಗಟ್ಟಿ ಅದನ್ನು ಒಳಗಿಂದ ಒಡೆಯುತ್ತದೆ. ನಾವು ಸಿಮೆಂಟ್ ಬಿಡಿಸಿದಾಗ ಹಿಂದಿನ ಇಟ್ಟಿಗೆ ಕೈಯಲ್ಲಿ ಪುಡಿಯಾಯಿತು. ಆ ಗೋಡೆಯ ಮೇಲೂ ಒಂದು ಕಾಲದಲ್ಲಿ ಬಣ್ಣದ ಪಟ್ಟಿ ಇತ್ತು ಎಂದು ಒಂದು ಹಳೇ ಫೋಟೋದಿಂದ ಗೊತ್ತಿತ್ತು. ಒಂದು ಚೂರೂ ಸಿಗಲಿಲ್ಲ. ಮೇಸ್ತ್ರಿ ಆ ಪುಡಿಯನ್ನು ಅಂಗೈಯಲ್ಲಿ ಹಿಡಿದು, "ಗಟ್ಟಿ ಆಗ್ಲಿ ಅಂತಲೇ ಮಾಡಿದ್ದು ಪಾಪ" ಎಂದರು.

ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ಯಾಕಂದರೆ ನಾವೂ ಅದೇ ಉದ್ದೇಶದಿಂದ ಬಂದವರು. ಈಗ ಕೆಂಪು ಗೋಡೆ ನಮ್ಮ ಎದುರಿಗಿತ್ತು, ಅದನ್ನು ಏನು ಮಾಡುವುದು ಎಂಬ ಪ್ರಶ್ನೆಯೂ.

ತಿಂಗಳುಗಟ್ಟಲೆ ಚರ್ಚೆ ನಡೆಯಿತು. ಎಲ್ಲ ಕೋಣೆಗಳಲ್ಲೂ ಮೇಲಿನ ಪದರ ತೆಗೆದು ಕೆಂಪನ್ನು ಹೊರತನ್ನಿ ಎಂದು ಕೆಲವರು ಹೇಳಿದರು. ಕೇಳಲು ಚೆನ್ನಾಗಿರುತ್ತದೆ. ಆದರೆ ಕೆಂಪನ್ನು ಹೊರತರಬೇಕಾದರೆ ಹಸಿರನ್ನು ಕೊಲ್ಲಬೇಕು. ಹಸಿರಿನ ಕಾಲದಲ್ಲೂ ಅಲ್ಲಿ ಜನ ಬಂದಿದ್ದಾರೆ, ಚಿತ್ರ ನೋಡಿದ್ದಾರೆ. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂ ಈ ಪ್ರಶ್ನೆಗೆ ತನ್ನದೇ ಉತ್ತರ ಕಂಡುಕೊಂಡಿತು. 1885ರಲ್ಲಿ ತೆರೆದ ಆ ಕಟ್ಟಡದ ಗೋಡೆಗಳನ್ನು ವಾಸ್ತುಶಿಲ್ಪಿ ಪಿಯರ್ ಕೌಪರ್ಸ್ ಬಣ್ಣಬಣ್ಣದ ಅಲಂಕಾರದಿಂದ ತುಂಬಿಸಿದ್ದ. 20ನೇ ಶತಮಾನದಲ್ಲಿ ಅದರ ಮೇಲೆಲ್ಲ ಬಿಳಿ ಬಳಿದರು. 2003ರಿಂದ 2013ರವರೆಗೆ ನಡೆದ ನವೀಕರಣದಲ್ಲಿ ದೊಡ್ಡ ಹಾಲಿನಂಥ ಕೆಲವು ಮುಖ್ಯ ಜಾಗಗಳಲ್ಲಿ ಆ ಅಲಂಕಾರವನ್ನು ಮತ್ತೆ ತಂದರು, ಎಲ್ಲ ಕಡೆ ಅಲ್ಲ. ಚಿತ್ರ ತೂಗುವ ಕೋಣೆಗಳಿಗೆ ಶಾಂತವಾದ ಬೂದು ಬಣ್ಣ. ನನಗೆ ಇದು ಸರಿ ಅನ್ನಿಸುತ್ತದೆ.

1964ರ ವೆನಿಸ್ ಚಾರ್ಟರ್ ಹಳೇ ಕಟ್ಟಡಗಳ ಕೆಲಸ ಮಾಡುವವರೆಲ್ಲ ಓದುವ ದಾಖಲೆ. ಅದರ 11ನೇ ಕಲಮು ಹೇಳುವುದಿಷ್ಟು: ಕಟ್ಟಡಕ್ಕೆ ಎಲ್ಲ ಕಾಲದವರೂ ಸೇರಿಸಿದ ಒಳ್ಳೆಯದನ್ನು ಗೌರವಿಸಬೇಕು. ಕೆಳಗಿನ ಪದರವನ್ನು ತೆರೆಯುವುದು ತೀರಾ ಅಪರೂಪಕ್ಕೆ, ತೆಗೆಯುವುದರಲ್ಲಿ ಹೆಚ್ಚೇನೂ ಇಲ್ಲದಿದ್ದಾಗ, ಸಿಗುವುದು ಬಹಳ ಬೆಲೆಯುಳ್ಳದ್ದಾದಾಗ ಮಾತ್ರ. ಆ ತೀರ್ಮಾನವನ್ನು ಕೆಲಸದ ಉಸ್ತುವಾರಿ ಹೊತ್ತ ಒಬ್ಬರೇ ತೆಗೆದುಕೊಳ್ಳಬಾರದು. ಓದುವಾಗ ಒಣ ಮಾತು ಅನ್ನಿಸಿತ್ತು. ಬ್ಲೇಡು ಕೈಯಲ್ಲಿದ್ದಾಗ ಅದರ ಅರ್ಥ ಆಯಿತು. ಪತ್ತೆ ಮಾಡುವ ಖುಷಿ ಎಂಥದ್ದು ಅಂದರೆ, ಇನ್ನೊಂದು ಇಂಚು, ಇನ್ನೊಂದು ಇಂಚು ಅನ್ನುತ್ತಾ ಇಡೀ ಗೋಡೆ ಕೆರೆದುಬಿಡುತ್ತೇವೆ.

ಕೊನೆಗೆ ಹೀಗೆ ತೀರ್ಮಾನವಾಯಿತು. ಬಣ್ಣದ ಪದರಗಳ ಜಾಗದಲ್ಲಿ ಒಂದು ಮೊಳ ಉದ್ದದ ಕಿಟಕಿ ಬಿಡುವುದು. ಅದರಲ್ಲಿ ಪ್ರತಿ ಪದರವೂ ಒಂದೊಂದು ಪಟ್ಟಿಯಾಗಿ ಮೆಟ್ಟಿಲಿನ ಹಾಗೆ ಕಾಣುತ್ತದೆ. ಉಳಿದ ಪದರಗಳನ್ನು ಹಾಗೇ ಬಿಟ್ಟು ಮೇಲೆ ಹೊಸ ಬಣ್ಣ. ಪೂರ್ವದ ಕೋಣೆಯ ಕೆಂಪು ಗೋಡೆಯನ್ನು, ಪೆನ್ಸಿಲ್ ಬರಹದ ಸಮೇತ, ಮತ್ತೆ ಮುಚ್ಚುವುದು.

ಮೊದಲು ಕೇಳಿದಾಗ ನನಗೆ ತಡೆಯಲಾಗಲಿಲ್ಲ. ಮುಚ್ಚುವುದಾದರೆ ತೆರೆದಿದ್ದು ಯಾಕೆ ಎಂದು ಜಗಳವಾಡಿದೆ. ನಂತರ ಒಬ್ಬಳೇ ಆ ಕೋಣೆಗೆ ಹೋಗಿ ಕೂತೆ. ಪೆನ್ಸಿಲ್ ಅಷ್ಟು ಚೆನ್ನಾಗಿ ಉಳಿದಿದ್ದು ಯಾರೂ ಮುಟ್ಟದೇ ಇದ್ದುದರಿಂದ. ಕೆಂಪಿನ ಆ ಚೌಕಗಳು ಕಾಣುತ್ತಿರುವುದೇ ಬೆಳಕು ಬೀಳದ ಕಾರಣಕ್ಕೆ. ಬೆಳಕಿಂಡಿ ತೆರೆದಿದ್ದೇವೆ. ಇದನ್ನು ಹೀಗೇ ಬಿಟ್ಟರೆ ಗಾಢ ಕೆಂಪು ನಿಧಾನಕ್ಕೆ ಮಾಸುತ್ತದೆ, ಸುತ್ತಲಿನ ಕೆಂಪಿನ ಜೊತೆ ಒಂದಾಗುತ್ತದೆ. ನಾವು ನೋಡುತ್ತಾ ನೋಡುತ್ತಾ ಆ ಚಿತ್ರಗಳ ನೆರಳನ್ನು ಅಳಿಸಿಬಿಡುತ್ತೇವೆ. ಮರುದಿನ ಹೋಗಿ ಒಪ್ಪಿಗೆ ಎಂದೆ.

ಪ್ರತಿ ಅಡಿಯನ್ನೂ ಫೋಟೋ ತೆಗೆದೆವು. ಪೆನ್ಸಿಲ್ ಗೆರೆಗಳನ್ನು ಪಾರದರ್ಶಕ ಹಾಳೆಯ ಮೇಲೆ ಇದ್ದದ್ದು ಇದ್ದ ಹಾಗೇ ಎತ್ತಿಕೊಂಡೆವು, ಹಾಳೆ ಗೋಡೆಗೆ ತಾಗದ ಹಾಗೆ ಹಿಡಿದು. ಬಡಗಿ ಹಳೇ ಮೊಳೆ ತೂತುಗಳಿಗೇ ಹೊಸ ಪಟ್ಟಿ ಕೂರುವ ಹಾಗೆ ಅಳತೆ ಮಾಡಿದರು, ಒಂದೂ ಹೊಸ ತೂತು ಬೇಡ ಎಂದು. ಗೋಡೆಗೂ ಹಲಗೆಗೂ ನಡುವೆ ಮೂರು ಬೆರಳು ಸಂದಿ, ಗಾಳಿ ಆಡುವುದಕ್ಕೆ. ಕೆಳಗೂ ಮೇಲೂ ಸಣ್ಣ ಜಾಲರಿ. ಅಂಟು ಹಾಕಲಿಲ್ಲ, ಸ್ಕ್ರೂ ಮಾತ್ರ. ಯಾರು ಬೇಕಾದರೂ ಬಿಚ್ಚಬಹುದು.

ಕೊನೆಯ ಹಲಗೆ ಆ ಅಂಡಾಕಾರದ ಎದುರಿಗೆ ಬರುವಂಥದ್ದು. ಎತ್ತಿ ನಿಲ್ಲಿಸುವ ಮೊದಲು ಬಡಗಿ ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದರು. ಹಲಗೆಯ ಒಳಮೈಯಲ್ಲಿ ತಾರೀಕು ಬರೆದರು. ಸ್ವಲ್ಪ ಯೋಚಿಸಿ, "ಏನು ಬರೀಲಿ?" ಎಂದು ಕೇಳಿದರು. ನನಗೆ ತೋಚಲಿಲ್ಲ. ಮೇಸ್ತ್ರಿಯನ್ನು ನೋಡಿದೆವು. ಅವರು ಒಂದು ಕ್ಷಣ ಸುಮ್ಮನಿದ್ದು ಹೇಳಿದರು, ಬಡಗಿ ಹಾಗೇ ಬರೆದರು:

"ಒಳಗೆ ಬರಹ ಇದೆ. ನಿಧಾನಕ್ಕೆ ತೆಗೀರಿ."

ಆಮೇಲೆ ಎಂಟು ಸ್ಕ್ರೂ.